ಗ್ಲೆಂಡಲಾಕ್‌ನಲ್ಲಿ ಸಂತ ಕೆವಿನ್ ನಿಜವಾಗಿ ಇದ್ದ ಜಾಗ ಯಾವುದು?

ಡಬ್ಲಿನ್‌ನಿಂದ ಒಂದು ದಿನದ ಮಟ್ಟಿಗೆ, ಐರ್ಲೆಂಡಿನ ಹಳೆಯ ಮಠವಿರುವ ಕಣಿವೆ ಗ್ಲೆಂಡಲಾಕ್‌ಗೆ ಹೋಗುತ್ತಿದ್ದೀರಿ, ಸಂತ ಕೆವಿನ್ ಯಾರು, ಅಲ್ಲಿ ಏನು ನೋಡಬೇಕು ಅಂತ ಕೇಳಿದ್ದೀರಿ. ನಾನು ಡಬ್ಲಿನ್‌ನಲ್ಲಿದ್ದಾಗ ಅಲ್ಲಿಗೆ ಆಗಾಗ ಹೋಗುತ್ತಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ.

ಬಸ್ಸಿಳಿದವರು ಹೆಚ್ಚಾಗಿ ಮಠದ ದುಂಡು ಗೋಪುರದ ಮುಂದೆ ಫೋಟೊ ತೆಗೆಸಿಕೊಂಡು ವಾಪಸ್ ಹೊರಡುತ್ತಾರೆ. ಸುಮಾರು 30 ಮೀಟರ್ ಎತ್ತರದ ಆ ಗೋಪುರ ಚೆನ್ನಾಗೇ ಇದೆ. ಆದರೆ ಕೆವಿನ್ ಅದನ್ನು ನೋಡಿಯೇ ಇಲ್ಲ! ಆತ ತೀರಿಕೊಂಡದ್ದು 618ರಲ್ಲಿ ಅಂತಾರೆ. ಗೋಪುರ ಎದ್ದದ್ದು ಕೆಲವು ಶತಮಾನಗಳ ಮೇಲೆ. ಪಕ್ಕದ 'ಕೆವಿನ್ ಅಡುಗೆಮನೆ'ಯೂ ಅಷ್ಟೇ, ಅದು ಆಮೇಲೆ ಕಟ್ಟಿದ ಚರ್ಚು. ಗಂಟೆಗೋಪುರ ಹೊಗೆಗೂಡಿನ ಹಾಗೆ ಕಾಣುವುದರಿಂದ ಆ ಹೆಸರು ಬಂತು, ಅಲ್ಲಿ ಯಾರೂ ಒಲೆ ಹಚ್ಚಿದ್ದಲ್ಲ.

ಆತನನ್ನು ಹುಡುಕುವುದಾದರೆ ಕಣಿವೆಯ ಎರಡು ಕೆರೆಗಳಲ್ಲಿ ಮೇಲಿನ ಕೆರೆಗೆ ನಡೆಯಿರಿ. ರಾಜವಂಶದಲ್ಲಿ ಹುಟ್ಟಿದ್ದರೂ ಒಂಟಿಯಾಗಿರಬೇಕು ಅಂತ ಈ ಕಣಿವೆಗೆ ಬಂದವನು ಆತ. ಶಿಷ್ಯರು ಸೇರಿ ಮಠವಾದದ್ದು ಆಮೇಲೆ. ಆ ಕೆರೆಯ ಹತ್ತಿರ ಇರುವ ರೀಫರ್ಟ್ ಅನ್ನುವ ಹಳೆಯ ಚರ್ಚಿನಿಂದ ಸ್ವಲ್ಪ ಮೇಲೆ ಹತ್ತಿದರೆ ಗುಂಡಗೆ ಜೋಡಿಸಿದ ಕಲ್ಲುಗಳಿವೆ. ಆತನ ಗುಡಿಸಲಿನ ಅಡಿಪಾಯ ಅಂತ ನಂಬಿಕೆ. ಸುಮ್ನೆ ಕಲ್ಲು ಅನ್ನಿಸಬಹುದು, ಆದರೂ ಅಲ್ಲಿಂದ ಕೆರೆ ನೋಡಿ, ಆ ಜಾಗವನ್ನೇ ಯಾಕೆ ಆರಿಸಿದ ಅಂತ ಹೊಳೆಯುತ್ತದೆ.

'ಕೆವಿನ್ ಹಾಸಿಗೆ' ಅನ್ನುವ ಗವಿ ಬಂಡೆಯ ಮೈಯಲ್ಲಿ, ನೀರಿನಿಂದ ಸುಮಾರು 8 ಮೀಟರ್ ಮೇಲಿದೆ. ಒಬ್ಬ ಮುದುಡಿಕೊಂಡು ಮಲಗುವಷ್ಟೇ ಜಾಗ. ಮುಂದೆ 12ನೇ ಶತಮಾನದಲ್ಲಿ ಇದೇ ಮಠದ ಮುಖ್ಯಸ್ಥನಾಗಿದ್ದ ಲಾರೆನ್ಸ್ ಓ'ಟೂಲ್ ಕೂಡ ಅಲ್ಲಿ ಹೋಗಿ ಉಪವಾಸ ಕೂರುತ್ತಿದ್ದನಂತೆ. ಹತ್ತುವುದು ಅಪಾಯ, ಆ ಸಾಹಸ ಬೇಡ. ಎದುರು ದಡದಿಂದ ಕಾಣುತ್ತದೆ.

ಕಥೆಗಳಂತೂ ಬೇಕಾದಷ್ಟಿವೆ. ಪ್ರಾರ್ಥನೆಗೆ ಚಾಚಿದ ಕೈಯಲ್ಲಿ ಬ್ಲ್ಯಾಕ್‌ಬರ್ಡ್ ಹಕ್ಕಿ ಮೊಟ್ಟೆ ಇಟ್ಟಿತಂತೆ. ಮರಿ ಹಾರುವ ತನಕ ಕೈ ಅಲುಗಿಸಲಿಲ್ಲವಂತೆ. ತನ್ನನ್ನು ಬಯಸಿ ಬಂದ ಹುಡುಗಿಯನ್ನು ಕೆರೆಗೆ ತಳ್ಳಿದ ಅನ್ನುವ ಕಥೆಯನ್ನೂ ಗೈಡ್‌ಗಳು ರಸವತ್ತಾಗಿ ಹೇಳುತ್ತಾರೆ. ಆತನ ಹಳೆಯ ಲ್ಯಾಟಿನ್ ಜೀವನಚರಿತ್ರೆಯಲ್ಲಿ ತಳ್ಳುವುದಿಲ್ಲ, ತುರಿಕೆ ಸೊಪ್ಪಿನಿಂದ ಹೊಡೆಯುತ್ತಾನೆ. ಹಕ್ಕಿಯ ಮೇಲಿದ್ದ ಕರುಣೆ ಹುಡುಗಿಯ ಮೇಲೆ ಇರಲಿಲ್ಲ ನೋಡಿ! ಈ ಚರಿತ್ರೆಗಳೆಲ್ಲ ಆತ ಸತ್ತು ಶತಮಾನಗಳಾದ ಮೇಲೆ ಬರೆದವು, ಹಾಗೆಯೇ ಓದಿಕೊಳ್ಳಿ.

ಜೂನ್ 3 ಆತನ ಹಬ್ಬ. ನಡೆಯುವ ಹುಮ್ಮಸ್ಸಿದ್ದರೆ ಹಾಲಿವುಡ್ ಅನ್ನುವ ಹಳ್ಳಿಯಿಂದ (ಸಿನಿಮಾದ್ದಲ್ಲ!) ಸುಮಾರು 30 ಕಿಲೋಮೀಟರ್‌ನ ಹಳೆಯ ಯಾತ್ರೆಯ ದಾರಿಯೂ ಇದೆ. ಒಂದೇ ದಿನ ಅಂದರೆ ಅದು ಬಿಡಿ. ಮೊದಲು ಮೇಲಿನ ಕೆರೆ ಮುಗಿಸಿ, ಬಸ್ಸಿಗೆ ಕಾಯುವಾಗ ಗೋಪುರ ನೋಡಿ.