ಮೆಣಸಿನ ಮುಟುರು ರೋಗ: ಮೊಬೈಲ್ ಆ್ಯಪ್ ನಂಬಬಹುದಾ?

ಬ್ಯಾಡಗಿ ಕಡೆಯ ನಿಮ್ಮ ಊರಿನ ಹುಡುಗರೆಲ್ಲ ಸೇರಿ ಮೆಣಸಿನ ಗಿಡದ ಫೋಟೊಗಳನ್ನು, ಫೋಟೊ ನೋಡಿ ರೋಗದ ಹೆಸರು ಹೇಳುವ ಆ್ಯಪಿಗೆ ಹಾಕುತ್ತಾ ಹೋದರೆ ಮುಟುರು ರೋಗ ಎಲ್ಲೆಲ್ಲಿ ಹಬ್ಬುತ್ತಿದೆ ಅಂತ ತಿಳಿಯುತ್ತಾ, ಅಂತ ಕೇಳಿದ್ದೀರಿ. ತಿಳಿಯುತ್ತದೆ. ಆದರೆ ಆ್ಯಪ್ ಹೇಳುವ ರೋಗದ ಹೆಸರಿಗಿಂತ ನೀವು ಬರೆದಿಡುವ ಜಾಗ, ತಾರೀಖು ಜಾಸ್ತಿ ಕೆಲಸಕ್ಕೆ ಬರುತ್ತವೆ.

ನಾನೂ ಹಾವೇರಿ ಜಿಲ್ಲೆಯವನೇ. ನಮ್ಮಲ್ಲಿ ಎಲೆ ಮುದುಡಿದರೆ ಸಾಕು, ಎಲ್ಲದಕ್ಕೂ ಮುಟುರು ಅಂತೀವಿ. ಕಾರಣ ಮಾತ್ರ ಬೇರೆ ಬೇರೆ. ಥ್ರಿಪ್ಸ್ ನುಸಿ ರಸ ಹೀರಿದರೆ ಎಲೆಯ ಅಂಚು ಮೇಲಕ್ಕೆ ಮಡಚುತ್ತದೆ. ಮೈಟ್ ನುಸಿ ಇದ್ದರೆ ಕೆಳಕ್ಕೆ ಮಡಚುತ್ತದೆ, ತೊಟ್ಟು ಉದ್ದ ಆಗುತ್ತದೆ. ಬಿಳಿನೊಣ ಹರಡುವ ವೈರಸ್ ಆದರೆ ಎಲೆ ಸಣ್ಣದಾಗಿ, ಗಿಡವೇ ಗಿಡ್ಡಾಗಿ ನಿಂತುಬಿಡುತ್ತದೆ. ಮೂರೂ ಒಂದೇ ಗಿಡದಲ್ಲಿ ಸಿಗುವುದೂ ಉಂಟು! ಥ್ರಿಪ್ಸ್‌ಗೆ ಹೊಡೆಯುವ ಔಷಧಿಗಳಲ್ಲಿ ಎಷ್ಟೋ ಮೈಟ್‌ಗೆ ನಾಟುವುದಿಲ್ಲ. ವೈರಸ್ ಹೊಕ್ಕ ಗಿಡಕ್ಕೆ ಯಾವ ಔಷಧಿಯೂ ಇಲ್ಲ, ಮೊದಲಲ್ಲೇ ಕಿತ್ತು ಹಾಕಬೇಕು. ಅದಕ್ಕೇ ಆ್ಯಪ್ ಒಂದು ಹೆಸರು ತೋರಿಸಿತು ಅಂತ ಸುಮ್ನೆ ಔಷಧಿ ಹೊಡೆಯಲು ಹೋಗಬೇಡಿ.

ಒಂದೇ ಫೋಟೊ ಸಾಲದು. ಇಡೀ ಗಿಡದ್ದು, ಎಲೆಯ ಮೇಲ್ಭಾಗದ್ದು, ಎಲೆಯ ಅಡಿಭಾಗದ್ದು, ಮೂರೂ ಬೇಕು. ನುಸಿ ಇರುವುದು ಅಡಿಯಲ್ಲೇ ಜಾಸ್ತಿ. ಹೂವನ್ನು ಬಿಳಿ ಹಾಳೆಯ ಮೇಲೆ ತಟ್ಟಿ ನೋಡಿ, ಥ್ರಿಪ್ಸ್ ಇದ್ದರೆ ಓಡಾಡುವುದು ಕಾಣುತ್ತದೆ. ಮೈಟ್ ಬರಿಗಣ್ಣಿಗೆ ಸಿಗುವುದು ಕಷ್ಟ, ಭೂತಗನ್ನಡಿ ಬೇಕು. ಇನ್ನೊಂದು ಮಾತು: ವಾಟ್ಸ್ಆ್ಯಪ್‌ನಲ್ಲಿ ಫೋಟೊ ಮಾಮೂಲಿಯಾಗಿ ಕಳಿಸಿದರೆ ಅದರೊಳಗಿನ ಜಾಗದ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಆ್ಯಪ್ ಅಂದರೆ ಪ್ಲಾಂಟಿಕ್ಸ್ ಇದೆ. 2024ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ರಾಷ್ಟ್ರೀಯ ಕೀಟ ಸರ್ವೇಕ್ಷಣೆಯ ಎನ್‌ಪಿಎಸ್‌ಎಸ್ ಆ್ಯಪ್ ಕೂಡ ಇದೆ. ಯಾವುದನ್ನೇ ಬಳಸಿ, ಅನುಮಾನ ಬಂದ ಗಿಡದ ಟೊಂಗೆಯನ್ನು ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕೋ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೋ ಒಯ್ದು ತೋರಿಸಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಓಕ್ ಮರಗಳನ್ನು ಕೊಲ್ಲುವ ರೋಗದ ನಕ್ಷೆ ಮಾಡುವುದೂ ಹೀಗೆಯೇ. ಜನ ಎಲೆ ಆರಿಸಿ ತರುತ್ತಾರೆ, ಬರ್ಕ್ಲಿ ವಿಶ್ವವಿದ್ಯಾಲಯದ ಲ್ಯಾಬ್ ಪರೀಕ್ಷೆ ಮಾಡುತ್ತದೆ, ಆಮೇಲೆ ಅದು ನಕ್ಷೆಗೆ ಏರುತ್ತದೆ.

ಎಲ್ಲರೂ ಮರೆಯುವುದು ಚೆನ್ನಾಗಿರುವ ಹೊಲವನ್ನು. ರೋಗ ಬಂದ ಕಡೆ ಮಾತ್ರ ಫೋಟೊ ತೆಗೆದರೆ, ಉಳಿದ ಹೊಲಗಳಲ್ಲಿ ರೋಗ ಇರಲಿಲ್ಲವೋ, ಯಾರೂ ಆ ಕಡೆ ಹೋಗೇ ಇಲ್ಲವೋ ಗೊತ್ತಾಗುವುದು ಹೇಗೆ? ಸಸಿ ಹಚ್ಚಿದ ಮೇಲೆ ಪ್ರತಿ ವಾರ ಅದೇ ಹೊಲಗಳಿಗೆ ಹೋಗಿ, ಏನೂ ಇಲ್ಲದಿದ್ದರೆ 'ರೋಗ ಇಲ್ಲ' ಅಂತಲೇ ಬರೆಯಿರಿ. ಆಗಲೇ ರೋಗ ಯಾವ ದಿಕ್ಕಿನಿಂದ, ಯಾವ ವಾರ ಬಂತು ಅನ್ನುವುದು ಕಾಣುತ್ತದೆ.

ಹೊಲದವರನ್ನು ಕೇಳದೆ ಅವರ ಹೆಸರು, ಸರ್ವೆ ನಂಬರ್ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ಊರಿನ ಹೆಸರು, ಹೊಲ ಯಾವ ದಿಕ್ಕಿಗಿದೆ ಅನ್ನುವುದು ಸಾಕು.