ಜೋಗಕ್ಕೂ ಜಿಫ್‌ಗೂ ಆಗಿಬರುವುದಿಲ್ಲ

ಪ್ರಶ್ನೆ: ಸಾಗರದ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ. ಮಳೆಗಾಲದಲ್ಲಿ ಜೋಗಕ್ಕೆ ಹೋದಾಗ ಮೊಬೈಲಿನಲ್ಲಿ 6 ಸೆಕೆಂಡಿನ ವಿಡಿಯೋ ತೆಗೆದೆ. ನಮ್ಮ ವೆಬ್‌ಸೈಟಿಗೆ ಹಾಕೋಣ ಅಂತ ಮಗ ಅದನ್ನು ಜಿಫ್ (GIF, ಸದ್ದಿಲ್ಲದೆ ಚಲಿಸುವ ಚಿತ್ರದ ಫೈಲ್) ಮಾಡಿಕೊಟ್ಟ. ವಿಡಿಯೋ 8 ಎಂಬಿ ಇತ್ತು, ಜಿಫ್ 31 ಎಂಬಿ ಆಯಿತು. ಸಾಲದ್ದಕ್ಕೆ ಮಂಜೆಲ್ಲ ಚುಕ್ಕಿ ಚುಕ್ಕಿ. ಎಲ್ಲಿ ತಪ್ಪಿದೆವು?

ಉತ್ತರ: ಮಗನನ್ನು ಬೈಯಬೇಡಿ. ಜಿಫ್‌ನ ಒಂದು ಫ್ರೇಮಿಗೆ, ಅಂದರೆ ಅದರೊಳಗಿನ ಒಂದೊಂದು ಚಿತ್ರಕ್ಕೆ, ಹೆಚ್ಚೆಂದರೆ 256 ಬಣ್ಣ. ನಿಮ್ಮ ಮೊಬೈಲ್ ತೋರಿಸುವುದು ಒಂದು ಕೋಟಿ ಅರವತ್ತು ಲಕ್ಷಕ್ಕೂ ಜಾಸ್ತಿ. ರಾಜಾ ಧಾರೆಯ ಬುಡದಿಂದ ಏಳುವ ಮಂಜನ್ನೇ ನೋಡಿ: ಬಿಳಿ, ಅದಕ್ಕಿಂತ ಒಂಚೂರು ಮಾಸಿದ ಬಿಳಿ, ಬೂದಿ, ಹಿಂದಿನ ಪಾಚಿ ಇಣುಕುವ ಬೂದಿ. ಇದೆಲ್ಲ 256ರಲ್ಲಿ ಹಿಡಿಸುತ್ತದಾ? ಹಾಗಾಗಿ ಸಾಫ್ಟ್‌ವೇರ್ ತನ್ನ ಹತ್ತಿರ ಇರುವ ಎರಡು ಬಣ್ಣದ ಚುಕ್ಕಿಗಳನ್ನೇ ಅಕ್ಕಪಕ್ಕ ಚೆಲ್ಲಿ, ನಡುವಿನ ಬಣ್ಣವೂ ಇದೆ ಅಂತ ಕಣ್ಣಿಗೆ ಮಣ್ಣೆರಚುತ್ತದೆ. ಇದಕ್ಕೆ ಡಿದರಿಂಗ್ ಅನ್ನುತ್ತಾರೆ. ನೀವು ಕಂಡ ಚುಕ್ಕಿ ಅದೇ.

ಇನ್ನು 31 ಎಂಬಿ ಯಾಕಾಯಿತು? ಅಡಿಕೆ ಮಂಡಿಯ ಲೆಕ್ಕದ ಪುಸ್ತಕ ನೋಡಿರುತ್ತೀರಿ, ಅಲ್ವಾ? ಮೇಲಿನ ಸಾಲಿನಲ್ಲಿ ಇದ್ದದ್ದೇ ಕೆಳಗೂ ಬಂದರೆ ಗುಮಾಸ್ತರು ಸುಮ್ನೆ ‘ಸದರಿ’ ಅಂತ ಗೀಚಿ ಮುಂದೆ ಹೋಗುತ್ತಾರೆ. ಜಿಫ್ ಬಳಸುವ ಎಲ್‌ಝಡ್‌ಡಬ್ಲ್ಯೂ ಅನ್ನುವ ವಿಧಾನವೂ ಹೆಚ್ಚುಕಡಿಮೆ ಹೀಗೇ, ಒಮ್ಮೆ ಬಂದ ಬಣ್ಣಗಳ ಸಾಲು ಮತ್ತೆ ಬಂದರೆ ಪೂರ್ತಿ ಬರೆಯದೆ ಅದರ ಚಿಕ್ಕ ನಂಬರ್ ಹಾಕುತ್ತದೆ. ಸುಣ್ಣದ ಗೋಡೆಯ ಚಿತ್ರವಾದರೆ ಬರೀ ಸದರಿ, ಸದರಿ. ಬೀಳುವ ನೀರಿನಲ್ಲಿ ಸದರಿ ಎಲ್ಲಿಂದ ಬರಬೇಕು? ಅದರ ಮೇಲೆ ಈ ಚುಕ್ಕಿಗಳು ಬೇರೆ. ವಿಡಿಯೋ ಫೈಲಾದರೆ ಹಿಂದಿನ ಫ್ರೇಮಿನ ಯಾವ ತುಂಡು ಎಷ್ಟು ಸರಿಯಿತು ಅಂತ ಲೆಕ್ಕ ಇಟ್ಟುಕೊಳ್ಳುತ್ತದೆ, ಕಣ್ಣಿಗೆ ಬೀಳದ ವಿವರವನ್ನು ಬಿಟ್ಟೂಬಿಡುತ್ತದೆ. ಜಿಫ್‌ಗೆ ಗೊತ್ತಿರುವುದು ಬದಲಾಗದ ಜಾಗವನ್ನು ಮತ್ತೆ ಬರೆಯದೆ ಬಿಡುವುದೊಂದೇ. ಕೈ ಅಲುಗಿದರೆ ಬಂಡೆಯೂ ಬದಲಾದಂತೆ ಲೆಕ್ಕ, ಅಲ್ಲಿಗೆ ಆ ಉಳಿತಾಯವೂ ಹೋಯಿತು.

ನಾನೂ ಒಮ್ಮೆ ಮನೆಯ ಮಾಡಿನಿಂದ ಸುರಿಯುವ ಮಳೆಯನ್ನು ಜಿಫ್ ಮಾಡಲು ಹೋಗಿದ್ದೆ. ಚೆನ್ನಾಗಿ ಬಂದದ್ದು ಹೆಂಚು ಮಾತ್ರ.

ಜೋಗವನ್ನು ಎಂಪಿ4 ವಿಡಿಯೋ ಆಗಿಯೇ ಹಾಕಿ. ಆಟೋಪ್ಲೇ, ಮ್ಯೂಟ್, ಲೂಪ್ ಮೂರನ್ನೂ ಆನ್ ಮಾಡಿದರೆ ನೋಡುವವರಿಗೆ ಜಿಫ್ ಹಾಗೇ ಕಾಣುತ್ತದೆ. ವಾಟ್ಸಾಪಿನಲ್ಲಿ ನೀವು ಕಳಿಸುವ ಜಿಫ್ ಕೂಡ ಒಳಗೆ ಸದ್ದಿಲ್ಲದ ವಿಡಿಯೋವೇ! ಜಿಫ್ ಬೇಕೇ ಬೇಕು ಅಂದರೆ ತಾಳಗುಪ್ಪದಿಂದ ನಿಮ್ಮ ಮನೆಗೆ ಬರುವ ದಾರಿಯನ್ನು ಗೆರೆಯಲ್ಲಿ ಬರೆದು, ತಿರುವಿನಲ್ಲಿ ಒಂದು ಕೆಂಪು ಬಾಣ ಮಿನುಗಿಸಿ. ನಾಲ್ಕೇ ಬಣ್ಣ, ಎರಡೇ ಫ್ರೇಮು. ಕೆಲವು ಕೆಬಿಯಲ್ಲಿ ಮುಗಿಯುತ್ತದೆ.

ಪ್ರಶ್ನೆ: ಜಿಫ್ಫಾ, ಗಿಫ್ಫಾ? ನಮ್ಮ ಹಾಸ್ಟೆಲಿನಲ್ಲಿ ದಿನಾ ಇದೇ ಜಗಳ. (ಶಿವಮೊಗ್ಗದ ವಿದ್ಯಾರ್ಥಿನಿ)

ಉತ್ತರ: 1987ರಲ್ಲಿ ಅಮೆರಿಕದ ಕಂಪ್ಯುಸರ್ವ್ ಕಂಪನಿಯಲ್ಲಿ ಇದನ್ನು ಮಾಡಿದ ತಂಡದ ಮುಂದಾಳು ಸ್ಟೀವ್ ವಿಲ್‌ಹೈಟ್. ಅವರು ಕಡೆಯವರೆಗೂ ಜಿಫ್ ಅಂತಲೇ ಹಟ ಹಿಡಿದಿದ್ದರು. ಹೆಸರಿನ ಮೊದಲ ಅಕ್ಷರ ಗ್ರಾಫಿಕ್ಸ್‌ನ ‘ಗ’ ಆಗಿರುವಾಗ ಗಿಫ್ ಅನ್ನುವವರ ವಾದದಲ್ಲೂ ಹುರುಳಿದೆ. ನಾನು ಮಾಡಿದವರ ಪಕ್ಷ.

ಪ್ರಶ್ನೆ: ನಾನು ಮಾಡಿದ ದೀಪಾವಳಿ ಹಣತೆಯ ಜಿಫ್ ಒಂದು ಸಲ ಮಿನುಗಿ ನಿಂತುಬಿಡುತ್ತದೆ. ಯಾಕೆ? (ತೀರ್ಥಹಳ್ಳಿಯಿಂದ)

ಉತ್ತರ: ಒಂದೇ ಫೈಲಿನಲ್ಲಿ ಹಲವು ಚಿತ್ರ ಇಡಲು 1987ರಲ್ಲೇ ಅವಕಾಶ ಇತ್ತು. ಒಂದೊಂದು ಚಿತ್ರ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದು 1989ರ ಆವೃತ್ತಿಯಲ್ಲಿ ಸೇರಿತು. ಆದರೆ ಕೊನೆ ಮುಟ್ಟಿದ ಮೇಲೆ ಮತ್ತೆ ಶುರುಮಾಡು ಅನ್ನುವ ಮಾತು ಅದರಲ್ಲೂ ಇರಲಿಲ್ಲ. ಅದನ್ನು ಆಮೇಲೆ ನೆಟ್‌ಸ್ಕೇಪ್ ಬ್ರೌಸರಿನವರು ಸೇರಿಸಿದರು. ಹಾಗಾಗಿ ಫೈಲ್ ಉಳಿಸುವಾಗ ಲೂಪ್ ಎಷ್ಟು ಅಂತ ಕೇಳಿದ ಕಡೆ ನೋಡಿ. ಅಲ್ಲಿ ಸಾಮಾನ್ಯವಾಗಿ ಸೊನ್ನೆ ಅಂದರೆ ನಿಲ್ಲಿಸಲೇಬೇಡ ಅಂತ ಅರ್ಥ. ಫ್ರೇಮಿನ ಹೊತ್ತನ್ನು ಸೆಕೆಂಡಿನ ನೂರನೇ ಒಂದರ ಲೆಕ್ಕದಲ್ಲಿ ಕೇಳಿದರೆ 15 ಹಾಕಿ ನೋಡಿ. 1 ಹಾಕಬೇಡಿ, ಅಷ್ಟು ಅವಸರವನ್ನು ಬ್ರೌಸರ್‌ಗಳು ಒಪ್ಪದೆ ತಾವೇ 10 ಮಾಡಿಕೊಳ್ಳುತ್ತವೆ.