ಬಾತ್ ನಗರದ ರಾಯಲ್ ಕ್ರೆಸೆಂಟ್ ಮನೆಗಳು ಮುಂದೆ ಒಂದೇ ಥರ, ಹಿಂದೆ ಬೇರೆ ಬೇರೆ ಥರ ಇರುವುದು ಯಾಕೆ?

ಹಿಂಭಾಗ ಕಟ್ಟಿಸಿದವರು ಬೇರೆ ಬೇರೆ ಜನ, ಅದಕ್ಕೆ. ಇಂಗ್ಲೆಂಡಿನ ಈ ಸಾಲುಮನೆಗಳ ಕೆಲಸ ಶುರುವಾದದ್ದು 1767ರಲ್ಲಿ. ಕಿರಿಯ ಜಾನ್ ವುಡ್ ವಿನ್ಯಾಸ ಮಾಡಿದ್ದು ಅರ್ಧಚಂದ್ರದಂತೆ ಬಾಗಿದ ಮುಂಭಾಗವನ್ನಷ್ಟೇ. ಕೊಂಡವರು ಆ ಮುಂಗೋಡೆಯ ಇಂತಿಷ್ಟು ಉದ್ದ ತೆಗೆದುಕೊಂಡು, ಹಿಂದೆ ತಮ್ಮದೇ ಆರ್ಕಿಟೆಕ್ಟ್ ಇಟ್ಟು ಬೇಕಾದ ಹಾಗೆ ಮನೆ ಕಟ್ಟಿಸಿಕೊಂಡರು.

ಎದುರಿನ ಹುಲ್ಲುಹಾಸಿನಿಂದ ನೋಡಿದರೆ ಜೇನುಬಣ್ಣದ ಕಲ್ಲು, ಸಾಲಾಗಿ 114 ಕಂಬ. 30 ಮನೆ ಅಲ್ಲ, ಒಂದೇ ಅರಮನೆ ಅನ್ನಿಸುತ್ತದೆ. ಹಿಂದೆ ಹೋದರೆ ಮಾಡು ಒಂದೊಂದು ಎತ್ತರ, ಕಿಟಕಿಗಳಿಗೆ ಒಂದು ಕ್ರಮವೇ ಇಲ್ಲ. ನನಗಂತೂ ಈ ಕಡೆಯೇ ಜಾಸ್ತಿ ಇಷ್ಟ. ಮುಂದಿನಿಂದ ಎರಡು ಮನೆಯಂತೆ ಕಾಣುವುದು ಕೆಲವೊಮ್ಮೆ ಒಂದೇ ಮನೆ, ಅದೂ ಗೊತ್ತಾಗುವುದು ಹಿಂದಿನಿಂದಲೇ.